ಹೊಲ ನಿಮ್ಮದೇ, ಸೈಟು ಮಾಡುವಂತಿಲ್ಲ

ಹಳ್ಳಿಯಲ್ಲಿ ಬೆಳೆದವರಿಗೆ ದಾರಿ ಹಕ್ಕಿನ ತಂಟೆ ಹೊಸದಲ್ಲ. ಹಿಂದಿನ ಹೊಲದವನ ಗಾಡಿ ಮುಂದಿನ ಹೊಲದ ಅಂಚಿನಲ್ಲೇ ಹಾದುಹೋಗಬೇಕು. ಹೊಲ ಮುಂದಿನವನದ್ದಾದರೂ ಆ ದಾರಿಯನ್ನು ಅವನು ಮುಚ್ಚುವಂತಿಲ್ಲ. ನಾಳೆ ಹೊಲ ಮಾರಿದರೆ ಕೊಂಡವನಿಗೂ ಅದೇ ಕಟ್ಟುಪಾಡು. ಕಾನೂನು ಇದನ್ನು ಈಸ್ಮೆಂಟ್ ಎನ್ನುತ್ತದೆ. ಈ ಹಳೆಯ ಹಕ್ಕನ್ನೇ ತುಸು ಬಗ್ಗಿಸಿಕೊಂಡು, ಹೊಲ ಕಾಡುಗಳನ್ನು ಉಳಿಸುವ ಒಂದು ಕಸುಬೇ ಅಮೆರಿಕದಲ್ಲಿ ಬೆಳೆದಿದೆ.

ಅದರ ಆರಂಭ ಬಾಸ್ಟನ್‌ನಲ್ಲಿ. ಊರಿನ ಸುತ್ತಲಿನ ಹಸಿರು ಕರಗುತ್ತಿದ್ದುದನ್ನು ಕಂಡ ಉದ್ಯಾನ ವಿನ್ಯಾಸಕ ಚಾರ್ಲ್ಸ್ ಎಲಿಯಟ್, ಗ್ರಂಥಾಲಯ ಪುಸ್ತಕಗಳನ್ನು ಕಾಪಾಡುವಂತೆ ಚೆಲುವಾದ ನೆಲವನ್ನು ಜನರಿಗಾಗಿ ಕಾಪಾಡುವ ಸಂಸ್ಥೆಯೊಂದು ಬೇಕೆಂದು 1890ರಲ್ಲಿ ಬರೆದರು. ಮರುವರ್ಷವೇ ಮ್ಯಾಸಚೂಸೆಟ್ಸ್ ರಾಜ್ಯ ಅಂಥ ಟ್ರಸ್ಟ್‌ಗೆ ಮಾನ್ಯತೆ ಕೊಟ್ಟಿತು. ಆದರೆ ನೆಲ ಕೊಳ್ಳಲು ಹಣ ಎಲ್ಲಿಂದ ಬರಬೇಕು? 1955ರಲ್ಲಿ ನ್ಯೂಯಾರ್ಕ್ ರಾಜ್ಯದ ಮಯಾನಸ್ ನದಿ ಕಮರಿಯ 60 ಎಕರೆ ಉಳಿಸಲು ಅಲ್ಲಿನವರು ಜೀವವಿಮೆ ಪಾಲಿಸಿಗಳನ್ನೇ ಒತ್ತೆಯಿಡಬೇಕಾಯಿತು!

1959ರಲ್ಲಿ ಲೇಖಕ ವಿಲಿಯಂ ವೈಟ್ ಅಗ್ಗದ ಉಪಾಯವೊಂದನ್ನು ಪ್ರಚಾರಕ್ಕೆ ತಂದರು. ಜಮೀನಿನ ಒಡೆತನವೆಂದರೆ ಹಲವು ಹಕ್ಕುಗಳ ಕಟ್ಟು. ಉಳುವ ಹಕ್ಕು, ಮರ ಕಡಿಯುವ ಹಕ್ಕು, ಮನೆ ಕಟ್ಟುವ ಹಕ್ಕು ಎಲ್ಲವೂ ಅದರೊಳಗಿವೆ. ಆ ಕಟ್ಟಿನಿಂದ ಮನೆ ಕಟ್ಟುವ ಹಕ್ಕೊಂದನ್ನೇ ಹಿರಿದು ಟ್ರಸ್ಟ್‌ಗೆ ಒಪ್ಪಿಸಿದರೆ ಸಾಕು. ಉಳುವವನು ಉಳುತ್ತಲೇ ಇರಬಹುದು, ಮಾರಲೂಬಹುದು. ಸೈಟು ಮಾಡುವ ಹಾಗಿಲ್ಲ, ಅಷ್ಟೆ.

ಕೇಳಲು ಸುಲಭ. ಕಾಗದಕ್ಕೆ ಇಳಿಸುವಾಗ ನಾಲ್ಕಾರು ಕಸುಬಿನವರು ಬೇಕಾಗುತ್ತಾರೆ. ವಕೀಲರು ಪತ್ರ ಬರೆಯುತ್ತಾರೆ. ಸರ್ವೆಯವರು ಗಡಿ ಗುರುತಿಸುತ್ತಾರೆ. ಮೌಲ್ಯಮಾಪಕರು ಎರಡು ಬೆಲೆ ಕಟ್ಟುತ್ತಾರೆ: ಹಕ್ಕು ಬಿಡುವ ಮುನ್ನ ಒಂದು, ಬಿಟ್ಟ ಮೇಲೆ ಒಂದು. ಹತ್ತು ಲಕ್ಷ ಡಾಲರಿನ ಹೊಲ ನಾಲ್ಕು ಲಕ್ಷಕ್ಕೆ ಇಳಿಯಿತೆಂದುಕೊಳ್ಳಿ. ಉಳಿದ ಆರು ಲಕ್ಷ ದಾನ ಎಂದಾಗುತ್ತದೆ, ಅದಕ್ಕೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಸಿಗುತ್ತದೆ. ನಿಜವಾದ ಕೆಲಸ ಶುರುವಾಗುವುದು ಸಹಿಯಾದ ಮೇಲೆ. ಟ್ರಸ್ಟ್‌ನ ನೌಕರ ವರ್ಷಕ್ಕೊಮ್ಮೆ ಹಳೆಯ ನಕ್ಷೆ, ಫೋಟೋ ಹಿಡಿದು ನೆಲ ಸುತ್ತಿ ಬರುತ್ತಾನೆ. ಹೊಸ ಶೆಡ್ ಎದ್ದಿದೆಯೇ, ಮರ ಉರುಳಿದೆಯೇ ಎಂದು ನೋಡುತ್ತಾನೆ. ದಾನ ಕೊಟ್ಟ ಅಜ್ಜ ಮುರಿಯದ ಮಾತನ್ನು ಆಮೇಲೆ ಕೊಂಡವನು ಮುರಿಯಬಹುದು. ಆಗ ಕೋರ್ಟಿಗೆ ಹೋಗಲು ಹಣವನ್ನೂ ತೆಗೆದಿರಿಸಬೇಕು.

ರಿಯಲ್ ಎಸ್ಟೇಟ್‌ನವರೂ ಈ ಹಾದಿಗೆ ಬಂದದ್ದುಂಟು. ಷಿಕಾಗೋ ಹತ್ತಿರದ ಗ್ರೇಸ್‌ಲೇಕ್‌ನಲ್ಲಿ 677 ಎಕರೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮನೆ ಕಟ್ಟುವ ಯೋಜನೆಯಿತ್ತು. ನೆರೆಯವರು ವರ್ಷಗಟ್ಟಲೆ ಕೋರ್ಟಿನಲ್ಲಿ ಕಾದಾಡಿ, ಕೊನೆಗೆ 1987ರಲ್ಲಿ ತಾವೇ ಕೊಂಡರು. ಅಲ್ಲೆದ್ದ ಪ್ರೇರಿ ಕ್ರಾಸಿಂಗ್ ಬಡಾವಣೆಯಲ್ಲಿ ಬಿಡಿ ಮನೆಗಳು 359 ಮಾತ್ರ. ಅರ್ಧಕ್ಕಿಂತ ಹೆಚ್ಚು ನೆಲ ಹುಲ್ಲುಗಾವಲು, ಕೆರೆ, ಸಾವಯವ ಹೊಲವಾಗಿ ಉಳಿದಿದೆ. ಮನೆ ಕೈ ಬದಲಾದಾಗಲೆಲ್ಲ ಬೆಲೆಯ ಶೇ 0.5ರಷ್ಟು ಪರಿಸರ ಕೆಲಸಕ್ಕೆ ಹೋಗುವ ಏರ್ಪಾಡನ್ನೂ ಮಾಡಿದರು. ಮನೆ ಕಡಿಮೆಯಾದಷ್ಟೂ ಬೆಲೆ ಏರುತ್ತದೆಂಬುದು ಬೇರೆ ಮಾತು. ಹಸಿರಿನ ಪಕ್ಕ ವಾಸಿಸುವುದು ಎಲ್ಲರ ಕೈಗೆ ಎಟಕುವುದಿಲ್ಲ.

ತೆರಿಗೆ ರಿಯಾಯಿತಿ ಇದ್ದಲ್ಲಿ ಕಳ್ಳದಾರಿಯೂ ಇರುತ್ತದೆ. ಹೂಡಿಕೆದಾರರು ಕೂಟ ಕಟ್ಟಿಕೊಂಡು ಅಗ್ಗದ ನೆಲ ಹಿಡಿದು, ಅದಕ್ಕೆ ಇಲ್ಲದ ಬೆಲೆ ಕಟ್ಟಿಸಿ, ಹಾಕಿದ ಹಣದ ಹಲವು ಪಟ್ಟು ರಿಯಾಯಿತಿ ಪಡೆದರು. ತೆರಿಗೆ ಇಲಾಖೆ 2016ರಲ್ಲಿ ಎಚ್ಚರಿಕೆ ಹೊರಡಿಸಿತು. ಹೂಡಿಕೆಯ ಎರಡೂವರೆ ಪಟ್ಟು ಮೀರಿದ ರಿಯಾಯಿತಿಗೆ 2022ರ ಕಾನೂನು ಕಡಿವಾಣ ಹಾಕಿತು. ಪ್ರಾಮಾಣಿಕ ಟ್ರಸ್ಟ್‌ಗಳೇ ಈ ಕಾನೂನಿಗಾಗಿ ಒತ್ತಾಯಿಸಿದ್ದವು.

ನಮ್ಮಲ್ಲಿ 1882ರ ಈಸ್ಮೆಂಟ್ ಕಾಯ್ದೆ ಇನ್ನೂ ದಾರಿ ಹಕ್ಕಿನ ಚೌಕಟ್ಟಿನಲ್ಲೇ ಇದೆ. ಒಂದು ನೆಲದ ಮೇಲಿನ ಹಕ್ಕು ಇನ್ನೊಂದು ನೆಲದ ಉಪಯೋಗಕ್ಕೇ ಇರಬೇಕು. ಪಕ್ಕದಲ್ಲಿ ನೆಲವಿಲ್ಲದ ಟ್ರಸ್ಟ್‌ಗೆ ಅದರಲ್ಲಿ ಜಾಗವಿಲ್ಲ. ಹಾಗಾಗಿ ಕೊಡಗಿನಲ್ಲಿ ಕಾಡು ಬೆಳೆಸಹೊರಟ ಅನಿಲ್ ಮತ್ತು ಪಮೇಲಾ ಮಲ್ಹೋತ್ರಾ ದಂಪತಿ 1991ರಲ್ಲಿ 55 ಎಕರೆಯನ್ನು ಕ್ರಯಕ್ಕೇ ಕೊಂಡರು. ಅಕ್ಕಪಕ್ಕದ ತುಂಡುಗಳನ್ನು ಕೊಳ್ಳುತ್ತ ಅದನ್ನು ಸುಮಾರು 300 ಎಕರೆಗೆ ಮುಟ್ಟಿಸಿದರು.