ಮನೆಗಳಲ್ಲಿ ‘ವಿದ್ಯುತ್ ಮಾಲಿನ್ಯ’ ಮತ್ತು ಆರೋಗ್ಯ: ಸಾರ್ವಜನಿಕರಿಗೆ ಮಾಹಿತಿ

ಮನೆಯ ವೈರಿಂಗ್ ಮತ್ತು ವಿದ್ಯುತ್ ಉಪಕರಣಗಳಿಂದ ‘ವಿದ್ಯುತ್ ಮಾಲಿನ್ಯ’ ಉಂಟಾಗಿ ತಲೆನೋವು, ನಿದ್ರಾಹೀನತೆ, ಆಯಾಸ, ಏಕಾಗ್ರತೆಯ ಕೊರತೆ ಮುಂತಾದ ತೊಂದರೆಗಳು ಬರುತ್ತವೆ ಎಂಬ ಪ್ರಚಾರವಿದೆ. ಇವುಗಳನ್ನು ನಿವಾರಿಸುವುದಾಗಿ ಹೇಳಿ ಫಿಲ್ಟರ್‌ಗಳನ್ನೂ ಅಳತೆ ಮೀಟರ್‌ಗಳನ್ನೂ ಮಾರಾಟ ಮಾಡಲಾಗುತ್ತಿದೆ. ಹೊಸ ವಿದ್ಯುತ್ ಸಂಪರ್ಕ, ಹೆಚ್ಚುವರಿ ಹೊರೆ ಅಥವಾ ಮಾರ್ಗ ಸ್ಥಳಾಂತರ ಕೋರಿ ಅರ್ಜಿ ಸಲ್ಲಿಸುವವರು ಈ ವಿಷಯದಲ್ಲಿ ಸೂಕ್ತ ನಿರ್ಧಾರ ಕೈಗೊಳ್ಳಲು ಅನುಕೂಲವಾಗಲೆಂದು ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ವಿದ್ಯುತ್ ಮಾಲಿನ್ಯ ಎಂದರೇನು?

ಭಾರತದಲ್ಲಿ ಮನೆಗಳಿಗೆ ಪೂರೈಕೆಯಾಗುವ ವಿದ್ಯುತ್ತಿನ ಆವರ್ತನ ಸೆಕೆಂಡಿಗೆ 50 ಆವರ್ತಗಳು, ಅಂದರೆ 50 ಹರ್ಟ್ಸ್. ಎಲ್‌ಇಡಿ ದೀಪ, ಕಂಪ್ಯೂಟರ್, ಮೊಬೈಲ್ ಚಾರ್ಜರ್, ಯುಪಿಎಸ್, ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಮೊದಲಾದವು ವಿದ್ಯುತ್ತನ್ನು ಸಮನಾಗಿ ಸೆಳೆಯದೆ ತುಂಡುತುಂಡಾಗಿ ಸೆಳೆಯುತ್ತವೆ. ಇದರಿಂದ 50 ಹರ್ಟ್ಸ್ ಅಲೆಯ ಜೊತೆಗೆ ಹೆಚ್ಚಿನ ಆವರ್ತನದ ಸಣ್ಣ ಅಲೆಗಳೂ ತಂತಿಯಲ್ಲಿ ಸೇರಿಕೊಳ್ಳುತ್ತವೆ. ಇವುಗಳನ್ನು ಎಂಜಿನಿಯರುಗಳು ಹಾರ್ಮೋನಿಕ್ಸ್ ಎಂದು ಕರೆಯುತ್ತಾರೆ.

ಹಾರ್ಮೋನಿಕ್ಸ್ ಕಾಲ್ಪನಿಕ ವಿಷಯವಲ್ಲ. ಅವು ಹೆಚ್ಚಾದಲ್ಲಿ ತ್ರೀ ಫೇಸ್ ಸಂಪರ್ಕದ ನ್ಯೂಟ್ರಲ್ ತಂತಿ ಹಾಗೂ ಟ್ರಾನ್ಸ್‌ಫಾರ್ಮರುಗಳು ಬಿಸಿಯಾಗುತ್ತವೆ, ಕೆಪ್ಯಾಸಿಟರುಗಳು ಕೆಡುತ್ತವೆ. ಆದರೆ ಇದು ಉಪಕರಣಗಳಿಗೆ ಸಂಬಂಧಿಸಿದ ತೊಂದರೆ. ಮನೆಗಳಲ್ಲಿ ಇರುವ ಪ್ರಮಾಣದ ಹಾರ್ಮೋನಿಕ್ಸ್‌ನಿಂದ ಮನುಷ್ಯರಿಗೆ ರೋಗ ಬರುತ್ತದೆ ಎಂಬುದು ಸಿದ್ಧಪಟ್ಟಿಲ್ಲ.

2. ಅಧ್ಯಯನಗಳು ತಿಳಿಸುವುದೇನು?

ಫಿಲ್ಟರ್ ಅಳವಡಿಸಿದ ನಂತರ ಆರೋಗ್ಯ ಸುಧಾರಿಸಿತೆಂದು ಹೇಳುವವರಿದ್ದಾರೆ. ಫಿಲ್ಟರ್ ಇದೆಯೆಂದು ತಿಳಿದಿರುವ ವ್ಯಕ್ತಿಯು ಸುಧಾರಣೆಯನ್ನು ನಿರೀಕ್ಷಿಸುವುದು ಸಹಜ. ಆದ್ದರಿಂದ ವಿದ್ಯುತ್ಕಾಂತೀಯ ಕ್ಷೇತ್ರ ಇದೆಯೋ ಇಲ್ಲವೋ ಎಂಬುದು ಪರೀಕ್ಷೆಗೆ ಒಳಪಡುವವರಿಗಾಗಲಿ ಪರೀಕ್ಷಿಸುವವರಿಗಾಗಲಿ ತಿಳಿಯದಂತೆ ನಡೆಸಿದ ಪರೀಕ್ಷೆಯೇ ಹೆಚ್ಚು ವಿಶ್ವಾಸಾರ್ಹ. ತಮಗೆ ಇಂತಹ ಕ್ಷೇತ್ರಗಳಿಂದ ತೊಂದರೆಯಾಗುತ್ತದೆ ಎನ್ನುವವರ ಮೇಲೆ ಈ ರೀತಿ ನಡೆದ 46 ಪ್ರಯೋಗಗಳನ್ನು 2010ರಲ್ಲಿ ಪ್ರಕಟವಾದ ವಿಮರ್ಶೆಯೊಂದು ಪರಿಶೀಲಿಸಿತು. ಅವುಗಳಲ್ಲಿ ಒಟ್ಟು 1,175 ಜನ ಭಾಗವಹಿಸಿದ್ದರು. ಕ್ಷೇತ್ರದ ಇರುವಿಕೆಗೂ ತೊಂದರೆಗೂ ಸಂಬಂಧವಿದೆ ಎಂಬುದಕ್ಕೆ ಗಟ್ಟಿಯಾದ ಆಧಾರ ದೊರೆಯಲಿಲ್ಲ. ಕ್ಷೇತ್ರವಿಲ್ಲದಿದ್ದರೂ ಇದೆಯೆಂದು ನಂಬಿದಾಗ ತೊಂದರೆ ಕಾಣಿಸಿಕೊಂಡದ್ದುಂಟು.

ಆದರೆ ಈ ತೊಂದರೆಗಳು ಸುಳ್ಳೆಂದು ಯಾರೂ ಭಾವಿಸತಕ್ಕದ್ದಲ್ಲ. ತೊಂದರೆಗಳು ನಿಜ, ಅವುಗಳಿಗೆ ವಿದ್ಯುತ್ಕಾಂತೀಯ ಕ್ಷೇತ್ರವೇ ಕಾರಣವೆಂಬುದು ಮಾತ್ರ ಸಾಬೀತಾಗಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯು 2005ರಲ್ಲಿ ಸ್ಪಷ್ಟಪಡಿಸಿದೆ. ನಿರಂತರ ತಲೆನೋವು ಅಥವಾ ನಿದ್ರಾಹೀನತೆಗೆ ರಕ್ತದೊತ್ತಡ, ರಕ್ತಹೀನತೆ, ಥೈರಾಯ್ಡ್, ದೃಷ್ಟಿದೋಷ, ಮಾನಸಿಕ ಒತ್ತಡ ಮುಂತಾದ ಕಾರಣಗಳಿರಬಹುದು. ಫಿಲ್ಟರನ್ನು ನಂಬಿ ವೈದ್ಯರ ಭೇಟಿಯನ್ನು ಮುಂದೂಡಿದಲ್ಲಿ ಚಿಕಿತ್ಸೆ ಇರುವ ಕಾಯಿಲೆಯೂ ಉಲ್ಬಣಿಸಬಹುದು.

3. ಕ್ಯಾನ್ಸರ್ ಕುರಿತ ಆತಂಕ

ವಿದ್ಯುತ್ ಮಾರ್ಗಗಳ ಕಾಂತಕ್ಷೇತ್ರವನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2002ರಲ್ಲಿ ‘2ಬಿ’ ಗುಂಪಿಗೆ, ಅಂದರೆ ಕ್ಯಾನ್ಸರ್‌ಕಾರಕವಾಗಿರುವ ಸಾಧ್ಯತೆಯುಳ್ಳವುಗಳ ಗುಂಪಿಗೆ ಸೇರಿಸಿದೆ. ಸರಾಸರಿ 0.3 ರಿಂದ 0.4 ಮೈಕ್ರೋಟೆಸ್ಲಾಕ್ಕಿಂತ ಹೆಚ್ಚು ಕಾಂತಕ್ಷೇತ್ರವಿದ್ದ ಮನೆಗಳ ಮಕ್ಕಳಲ್ಲಿ ರಕ್ತದ ಕ್ಯಾನ್ಸರ್ ತುಸು ಹೆಚ್ಚಾಗಿ ಕಂಡುಬಂದದ್ದು ಇದಕ್ಕೆ ಕಾರಣ. ಆದರೆ ಈ ಸಂಬಂಧವನ್ನು ಕಾರಣವೆಂದು ಪರಿಗಣಿಸುವಷ್ಟು ಬಲವಾದ ಆಧಾರವಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯು 2007ರಲ್ಲಿ ಅಭಿಪ್ರಾಯಪಟ್ಟಿದೆ.

ಅಯಾನೀಕರಿಸದ ವಿಕಿರಣದಿಂದ ರಕ್ಷಣೆಗಾಗಿ ಇರುವ ಅಂತರರಾಷ್ಟ್ರೀಯ ಆಯೋಗವು 2010ರಲ್ಲಿ 50 ಹರ್ಟ್ಸ್ ಕಾಂತಕ್ಷೇತ್ರಕ್ಕೆ ಸಾರ್ವಜನಿಕರ ಮಟ್ಟಿಗೆ ಸೂಚಿಸಿದ ಮಿತಿ 200 ಮೈಕ್ರೋಟೆಸ್ಲಾ. ಅಧಿಕ ಒತ್ತಡದ ಪ್ರಸರಣ ಮಾರ್ಗದ ನೇರ ಕೆಳಗೂ ಇದು ಸುಮಾರು 20 ಮೈಕ್ರೋಟೆಸ್ಲಾ ವರೆಗೆ ಇರುತ್ತದೆ. ದೂರ ಸರಿದಂತೆ ಕ್ಷೇತ್ರವು ಬೇಗನೆ ಕುಗ್ಗುತ್ತದೆ. ಬಟ್ಟೆ ಒಗೆಯುವ ಯಂತ್ರದಿಂದ 3 ಸೆಂ.ಮೀ. ದೂರದಲ್ಲಿ 50 ಮೈಕ್ರೋಟೆಸ್ಲಾ ವರೆಗೆ ಇರಬಹುದಾದ ಕ್ಷೇತ್ರವು 1 ಮೀಟರ್ ದೂರದಲ್ಲಿ 0.15ಕ್ಕೆ ಅಥವಾ ಅದಕ್ಕಿಂತ ಕಡಿಮೆಗೆ ಇಳಿಯುತ್ತದೆ.

4. ಫಿಲ್ಟರ್ ಖರೀದಿಸುವ ಮುನ್ನ

ಪ್ಲಗ್ಗಿಗೆ ಸಿಕ್ಕಿಸುವ ಇಂತಹ ಫಿಲ್ಟರಿನೊಳಗೆ ಮುಖ್ಯವಾಗಿ ಇರುವುದು ಕೆಪ್ಯಾಸಿಟರ್. ಉದಾಹರಣೆಗೆ, 10 ಮೈಕ್ರೋಫ್ಯಾರಡ್ ಕೆಪ್ಯಾಸಿಟರನ್ನು 230 ವೋಲ್ಟ್ ಪೂರೈಕೆಗೆ ಜೋಡಿಸಿದಲ್ಲಿ ಅದು ಸದಾಕಾಲ ಸುಮಾರು 0.72 ಆಂಪಿಯರ್ ವಿದ್ಯುತ್ ಪ್ರವಾಹವನ್ನು ಸೆಳೆಯುತ್ತದೆ. ಮನೆಯಲ್ಲಿ ಹತ್ತು ಫಿಲ್ಟರುಗಳಿದ್ದರೆ 7 ಆಂಪಿಯರಿಗೂ ಹೆಚ್ಚು ಪ್ರವಾಹವು ವೈರಿಂಗಿನಲ್ಲಿ ಅನಗತ್ಯವಾಗಿ ಹರಿಯುತ್ತದೆ. ಈ ಪ್ರವಾಹವೂ ತನ್ನದೇ ಕಾಂತಕ್ಷೇತ್ರವನ್ನು ಉಂಟುಮಾಡುತ್ತದೆ.

5. ನಿಜವಾದ ಅಪಾಯ: ವೈರಿಂಗ್ ದೋಷ

ಸರಿಯಾದ ವೈರಿಂಗಿನಲ್ಲಿ ಫೇಸ್ ಮತ್ತು ನ್ಯೂಟ್ರಲ್ ತಂತಿಗಳು ಜೊತೆಯಾಗಿ ಸಾಗುತ್ತವೆ. ಎರಡರಲ್ಲೂ ಸಮಾನ ಪ್ರವಾಹವು ವಿರುದ್ಧ ದಿಕ್ಕಿನಲ್ಲಿ ಹರಿಯುವುದರಿಂದ ಅವುಗಳ ಕಾಂತಕ್ಷೇತ್ರಗಳು ಬಹುಪಾಲು ಪರಸ್ಪರ ರದ್ದಾಗುತ್ತವೆ. ಮನೆಯೊಳಗೆ ಎಲ್ಲೆಡೆ ಕ್ಷೇತ್ರ ಹೆಚ್ಚಾಗಿದ್ದಲ್ಲಿ ಪ್ರವಾಹವು ಬೇರೆ ದಾರಿಯಿಂದ, ಅಂದರೆ ಅರ್ಥ್ ತಂತಿ ಅಥವಾ ನೀರಿನ ಕೊಳವೆಯ ಮೂಲಕ ಹಿಂದಿರುಗುತ್ತಿರಬಹುದು. ನ್ಯೂಟ್ರಲ್ ಇಲ್ಲದಾಗ ಅರ್ಥ್ ತಂತಿಯನ್ನೇ ನ್ಯೂಟ್ರಲ್ ಆಗಿ ಬಳಸುವ ಪದ್ಧತಿಯಿಂದಲೂ ಹೀಗಾಗುತ್ತದೆ. ಬೇಸಿಗೆಯಲ್ಲಿ ಅರ್ಥ್ ಗುಂಡಿ ಒಣಗಿದಾಗ ಇಂತಹ ಮನೆಯ ಗೀಸರ್, ಫ್ರಿಜ್, ಮೋಟಾರುಗಳ ಲೋಹದ ಮೈಯಲ್ಲಿ ವಿದ್ಯುತ್ ಹರಿದು, ಮುಟ್ಟಿದವರು ಮೃತಪಡುವ ಸಂಭವವಿದೆ. ಫಿಲ್ಟರ್ ಈ ದೋಷವನ್ನು ಸರಿಪಡಿಸುವುದಿಲ್ಲ.

6. ಸಾರ್ವಜನಿಕರು ಅನುಸರಿಸಬೇಕಾದ ಕ್ರಮಗಳು

ಅ) ವೈರಿಂಗ್ ಕೆಲಸ ಹಾಗೂ ಪರೀಕ್ಷೆಯನ್ನು ಪರವಾನಗಿ ಹೊಂದಿದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸತಕ್ಕದ್ದು.

ಆ) ಅರ್ಥಿಂಗ್ ಸುಸ್ಥಿತಿಯಲ್ಲಿರುವುದನ್ನು, ವಿಶೇಷವಾಗಿ ಬೇಸಿಗೆಯಲ್ಲಿ, ಖಚಿತಪಡಿಸಿಕೊಳ್ಳುವುದು.

ಇ) 30 ಮಿಲಿಆಂಪಿಯರ್ ಆರ್‌ಸಿಸಿಬಿ ಅಳವಡಿಸಿ, ಅದರ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡುವುದು. ಆರ್‌ಸಿಸಿಬಿ ಇದ್ದರೂ ಅಧಿಕ ಹೊರೆಯಿಂದ ರಕ್ಷಣೆಗೆ ಎಂಸಿಬಿ ಅಗತ್ಯ.

ಈ) ಮೇಲ್ಮಾರ್ಗಗಳ ಸಮೀಪ ಕಟ್ಟಡ ನಿರ್ಮಿಸುವವರು ನಿಗದಿತ ಅಂತರವನ್ನು ಪಾಲಿಸತಕ್ಕದ್ದು. ಕಡಿಮೆ ಒತ್ತಡದ ಮಾರ್ಗಕ್ಕೆ ಚಾವಣಿಯಿಂದ ಮೇಲಕ್ಕೆ 2.5 ಮೀಟರ್, 11 ಕಿಲೋವೋಲ್ಟ್ ಮಾರ್ಗಕ್ಕೆ 3.7 ಮೀಟರ್, ಎರಡಕ್ಕೂ ಪಕ್ಕದಲ್ಲಿ 1.2 ಮೀಟರ್ ಅಂತರವಿರಬೇಕು. ಈ ಅಂತರವಿಲ್ಲದಿದ್ದಲ್ಲಿ ಕಬ್ಬಿಣದ ಸರಳು ಅಥವಾ ಏಣಿ ತಂತಿಗೆ ತಗುಲಿ ಪ್ರಾಣಹಾನಿಯಾಗುತ್ತದೆ.

ಉ) ಹೃದಯದಲ್ಲಿ ಪೇಸ್‌ಮೇಕರ್ ಇರುವವರು ಇಂಡಕ್ಷನ್ ಒಲೆ ಬಳಸುವ ಮುನ್ನ ತಮ್ಮ ವೈದ್ಯರ ಸಲಹೆ ಪಡೆಯುವುದು.

ಊ) ಉಪಕರಣ ಮುಟ್ಟಿದಾಗ ಶಾಕ್ ತಗುಲಿದರೆ ಮುಖ್ಯ ಸ್ವಿಚ್ಚನ್ನು ಆರಿಸಿ, ವೈರಿಂಗ್ ಪರೀಕ್ಷೆ ಮಾಡಿಸುವುದು. ದೀಪಗಳು ಒಮ್ಮೆಲೇ ಮಂಕಾಗಿ ಮತ್ತೆ ಅತಿ ಪ್ರಖರವಾದರೆ ನ್ಯೂಟ್ರಲ್ ತುಂಡಾಗಿರುವ ಸಾಧ್ಯತೆಯಿರುತ್ತದೆ. ಕೂಡಲೇ ಮುಖ್ಯ ಸ್ವಿಚ್ಚನ್ನು ಆರಿಸಿ, ತಮ್ಮ ವಿದ್ಯುತ್ ಸರಬರಾಜು ಕಂಪನಿಯ ಸಹಾಯವಾಣಿ 1912ಕ್ಕೆ ದೂರು ನೀಡುವುದು.

ವಿದ್ಯುತ್ ಸುರಕ್ಷತೆಗಾಗಿ ಖರ್ಚು ಮಾಡಲು ಇಚ್ಛಿಸುವವರು ಮೊದಲು ಅರ್ಥಿಂಗ್ ಮತ್ತು ಆರ್‌ಸಿಸಿಬಿಗೆ ಆದ್ಯತೆ ನೀಡಬೇಕೆಂದೂ, ಆರೋಗ್ಯದ ತೊಂದರೆಗಳಿಗೆ ವೈದ್ಯರನ್ನೇ ಸಂಪರ್ಕಿಸಬೇಕೆಂದೂ ಈ ಮೂಲಕ ಸಾರ್ವಜನಿಕರಲ್ಲಿ ಕೋರಲಾಗಿದೆ.