ಒಣದ್ರಾಕ್ಷಿಯ ಗುಣ ಬಳ್ಳಿಯಲ್ಲೇ ನಿರ್ಧಾರ

ಪಾಯಸದ ಬಟ್ಟಲಿನಲ್ಲಿ ಮಕ್ಕಳು ಮೊದಲು ಹುಡುಕುವುದು ತುಪ್ಪದಲ್ಲಿ ಹುರಿದು ಉಬ್ಬಿದ ಒಣದ್ರಾಕ್ಷಿಯನ್ನು. ಅಂಗಡಿಯಲ್ಲಿ ದೊಡ್ಡವರು ಹುಡುಕುವುದು ಅದರ ಬಣ್ಣವನ್ನು. ಹಸಿರು ಬೆರೆತ ಹೊಂಬಣ್ಣವಿದ್ದರೆ ಉತ್ತಮ, ಕಂದಾಗಿದ್ದರೆ ಹಳತು ಎಂಬುದು ನಮ್ಮ ಲೆಕ್ಕ. ಈ ಲೆಕ್ಕ ಪೂರ್ತಿ ಸರಿಯಲ್ಲ.

ವಿಜಯಪುರ ಜಿಲ್ಲೆಯ ತಿಕೋಟಾ, ಇಂಡಿ ಕಡೆಯ ದ್ರಾಕ್ಷಿ ಬೆಳೆಗಾರನಿಗೆ ವರ್ಷಕ್ಕೆ ಎರಡು ಚಾಟ್ನಿ. ಬೇಸಿಗೆಯ ಚಾಟ್ನಿ ಕಡ್ಡಿಗಾಗಿ, ಅಕ್ಟೋಬರ್ ಸುಮಾರಿನದು ಹಣ್ಣಿಗಾಗಿ. ಫೆಬ್ರುವರಿ-ಮಾರ್ಚ್‌ನಲ್ಲಿ ಗೊನೆ ಮಾಗುವ ಹೊತ್ತಿಗೆ ಆಕಾಶದಲ್ಲಿ ಒಂದು ಮೋಡ ಕಂಡರೂ ಎದೆ ನಡುಗುತ್ತದೆ. ಬೇಗ ಕೊಯ್ದುಬಿಡೋಣ ಎನಿಸುವುದು ಸಹಜ. ಆದರೆ ಅವಸರಕ್ಕೆ ದಂಡವಿದೆ. ರಸದಲ್ಲಿ ಸಕ್ಕರೆ ನೂರಕ್ಕೆ 18ರಷ್ಟಿದ್ದಾಗ ಕೊಯ್ದ 100 ಕಿಲೋ ಹಣ್ಣಿನಿಂದ ಸಿಗುವುದು ಹೆಚ್ಚೆಂದರೆ 21 ಕಿಲೋ ಒಣದ್ರಾಕ್ಷಿ. 22 ಮುಟ್ಟುವವರೆಗೆ ಕಾದರೆ ಸುಮಾರು 26 ಕಿಲೋ. ತೂಕವಷ್ಟೇ ಅಲ್ಲ, ಎಳೆಯ ಹಣ್ಣು ಒಣಗಿದಾಗ ತಿರುಳಿಲ್ಲದೆ ಸುಕ್ಕಾಗಿ ಹುಳಿ ಉಳಿಯುತ್ತದೆ.

ಕೊಯ್ದ ಗೊನೆಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಈಥೈಲ್ ಓಲಿಯೇಟ್ ಎಂಬ ಎಣ್ಣೆ ಬೆರೆಸಿದ ನೀರಿನಲ್ಲಿ ಕೆಲವು ನಿಮಿಷ ಅದ್ದುತ್ತಾರೆ. ಸಿಪ್ಪೆಯ ಮೇಣದ ಪದರ ಸಡಿಲಗೊಂಡು ಒಳಗಿನ ನೀರು ಬೇಗ ಹೊರಬರುತ್ತದೆ. ನೆರಳುಬಲೆಯ ಶೆಡ್ಡಿನಲ್ಲಿ, ಅಂತಸ್ತು ಅಂತಸ್ತಾಗಿ ಬಿಗಿದ ಜಾಲರಿಗಳ ಮೇಲೆ, ಎರಡು ವಾರದ ಆಸುಪಾಸಿನಲ್ಲಿ ಒಣಗುತ್ತದೆ. ಬಿಸಿಲಿಗೆ ಹಾಕಿದ್ದು ಕಂದಾಗುತ್ತದೆ, ನೆರಳಿನದು ಹಸಿರು ಉಳಿಸಿಕೊಳ್ಳುತ್ತದೆ. ಬಣ್ಣ ಇನ್ನಷ್ಟು ಹೊಳೆಯಲೆಂದು ಕೆಲವರು ಗಂಧಕದ ಹೊಗೆ ಕೊಡುತ್ತಾರೆ. ಮಿತಿಯೊಳಗಿದ್ದರೆ ಇದಕ್ಕೆ ಕಾನೂನಿನ ಒಪ್ಪಿಗೆ ಇದೆ. ಆದರೆ ಉಬ್ಬಸವಿರುವ ಕೆಲವು ಮಕ್ಕಳಿಗೆ ಈ ಗಂಧಕ ಒಗ್ಗದು. ಅಂಥವರ ಮನೆಗೆ ಆ ಕಂದು ದ್ರಾಕ್ಷಿಯೇ ವಾಸಿ!

ಬಣ್ಣಕ್ಕಿಂತ ದೊಡ್ಡ ಚಿಂತೆ ಬೂಷ್ಟಿನದು. ಬೂದಿರೋಗ ತಗುಲಿದ ಕಾಯಿಯ ಸಿಪ್ಪೆ ಬಿರಿಯುತ್ತದೆ. ಕೊಯ್ಲಿನ ಹೊತ್ತಿಗೆ ಮಳೆ ಬಂದರೂ ಬಿರಿಯುತ್ತದೆ. ಹಣ್ಣು ದಪ್ಪವಾಗಲೆಂದು ಗಿಬ್ಬರೆಲಿಕ್ ಆಮ್ಲ ಸಿಂಪಡಿಸಿ, ಕಾಯಿ ತೆಳುಮಾಡದೆ ಬಿಟ್ಟರೆ ಗೊನೆ ಇಕ್ಕಟ್ಟಾಗಿ ಒಳಗೆ ಗಾಳಿಯಾಡುವುದಿಲ್ಲ. ಇಂಥ ಬಿರುಕುಗಳಲ್ಲಿ ಆಸ್ಪರ್ಜಿಲಸ್ ಜಾತಿಯ ಕಪ್ಪು ಶಿಲೀಂಧ್ರ ಮನೆಮಾಡಿ ಆಕ್ರಟಾಕ್ಸಿನ್ ಎಂಬ ವಿಷ ಸ್ರವಿಸುತ್ತದೆ. ಮೂತ್ರಪಿಂಡಕ್ಕೆ ಹಾನಿಕರವಾದ ಇದು ತೊಳೆದರೆ ಹೋಗದು, ಹುರಿದರೂ ಪೂರ್ತಿ ನಾಶವಾಗದು. ಯುರೋಪ್ ಒಕ್ಕೂಟವು 2023ರಿಂದ ಒಣದ್ರಾಕ್ಷಿಯ ಕಿಲೋಗೆ 8 ಮೈಕ್ರೋಗ್ರಾಂ ಮಾತ್ರ ಎಂದು ಮಿತಿಯನ್ನು ಬಿಗಿಗೊಳಿಸಿದೆ. ತೋಟದಲ್ಲೇ ಒಡೆದ ಕಾಯಿ ಆರಿಸಿ ತೆಗೆಯುವ ಕೂಲಿ ಹೆಣ್ಣುಮಗಳ ಕೈಯೇ ಇಲ್ಲಿ ನಿಜವಾದ ಪ್ರಯೋಗಾಲಯ.

ರೋಗ ತಡೆಯಲು ಔಷಧಿ ಹೊಡೆಯಲೇಬೇಕು. ಪ್ರಶ್ನೆ ಇರುವುದು ಯಾವಾಗ ನಿಲ್ಲಿಸಬೇಕೆಂಬುದರಲ್ಲಿ. ನಾಲ್ಕು ಕಿಲೋ ಹಣ್ಣು ಒಂದು ಕಿಲೋ ಆಗುವಾಗ ಹೋಗುವುದು ನೀರು. ಕರಗದೆ ಉಳಿದ ಔಷಧಿಯ ಅಂಶ ಸಾಂದ್ರವಾಗಬಹುದು. 2010ರಲ್ಲಿ ಭಾರತದ ತಾಜಾ ದ್ರಾಕ್ಷಿ ಯುರೋಪಿನಲ್ಲಿ ತಿರಸ್ಕೃತವಾಗಿದ್ದು ಕ್ಲೋರ್‌ಮೆಕ್ವಾಟ್ ಎಂಬ ಬೆಳವಣಿಗೆ ನಿಯಂತ್ರಕದ ಶೇಷದಿಂದ. ಬೇಸಿಗೆ ಚಾಟ್ನಿಯ ನಂತರ ಕಡ್ಡಿಗೆ ಹೊಡೆದದ್ದು ತಿಂಗಳುಗಟ್ಟಲೆ ಬಳ್ಳಿಯಲ್ಲೇ ಉಳಿದು ಹಣ್ಣಿನಲ್ಲಿ ಕಾಣಿಸಿಕೊಂಡಿತ್ತು!

ಮನೆಯಲ್ಲಿ ಮಾಡಬಹುದಾದದ್ದು ಸ್ವಲ್ಪವೇ. ಹಿಡಿ ದ್ರಾಕ್ಷಿಯನ್ನು ಬಿಳಿ ಕಾಗದದ ಮೇಲೆ ಹರವಿ ನೋಡಿ. ಕಪ್ಪು ಬೂಷ್ಟು ಹಿಡಿದದ್ದು, ಮುಗ್ಗಲು ವಾಸನೆಯದು ಕಂಡರೆ ಆ ಪೊಟ್ಟಣವನ್ನೇ ಬಿಡಿ. ಉಳಿದದ್ದನ್ನು ಬಿಸಿನೀರಿನಲ್ಲಿ ತೊಳೆದರೆ ಧೂಳು, ಅದ್ದಿದ ಎಣ್ಣೆಯ ಜಿಡ್ಡು ಹೋಗುತ್ತದೆ. ತೊಳೆದದ್ದನ್ನು ಮಾತ್ರ ಮತ್ತೆ ಡಬ್ಬಿಗೆ ತುಂಬಬೇಡಿ, ಅಂದೇ ತಿಂದು ಮುಗಿಸಿ.