ಮನೆಯಲ್ಲೇ ಓದಿಸಿದರೆ ಸಾಲದೇ?

ರಾತ್ರಿಯ ಕಲಿಕಾ ಕೇಂದ್ರ. ಅಂದಿನ ಪಾಠ ಮುಗಿದಿತ್ತು. ಒಬ್ಬ ತಾಯಿ ಮೆಲ್ಲಗೆ ಬಾಯಿ ಬಿಟ್ಟಳು.

"ಅಕ್ಕಾ, ನನ್ನ ಹಿರಿ ಮಗಳಿಗೆ ಹತ್ತು ವರ್ಷ. ಶಾಲೆ ಬಿಡಿಸಿದ್ದೀನಿ. ನಾನು ಕೂಲಿಗೆ ಹೋದರೆ ಎಳೇ ಕೂಸನ್ನು ನೋಡೋರು ಬೇಕಲ್ಲ? ಈಗ ನನಗೂ ಅಕ್ಷರ ಬಂದಿದೆ. ಸಂಜೆ ಮನೆಯಲ್ಲೇ ಓದಿಸ್ತೀನಿ. ಸಾಲದೇ?"

ಎಲ್ಲರೂ ಸುಮ್ಮನಾದರು. ಈ ಪ್ರಶ್ನೆ ಅವಳೊಬ್ಬಳದಲ್ಲ. ಹಲವು ಮನೆಗಳದ್ದು. ಬನ್ನಿ, ವಿಚಾರ ಮಾಡೋಣ.

ಕಾನೂನು ಏನು ಹೇಳುತ್ತದೆ?

೨೦೦೨ರಲ್ಲಿ ನಮ್ಮ ಸಂವಿಧಾನಕ್ಕೆ ತಿದ್ದುಪಡಿ ಆಯಿತು. ೬ರಿಂದ ೧೪ ವರ್ಷದ ಮಕ್ಕಳಿಗೆ ಶಿಕ್ಷಣ ಮೂಲಭೂತ ಹಕ್ಕಾಯಿತು. ೨೦೦೯ರಲ್ಲಿ ಶಿಕ್ಷಣ ಹಕ್ಕಿನ ಕಾನೂನು ಬಂತು. ೨೦೧೦ರ ಏಪ್ರಿಲ್ ೧ರಿಂದ ಅದು ಜಾರಿಯಾಯಿತು. ಮಗುವನ್ನು ಹತ್ತಿರದ ಶಾಲೆಗೆ ಸೇರಿಸುವುದು ತಂದೆ ತಾಯಿಯ ಕರ್ತವ್ಯ ಎಂದು ಅದು ಹೇಳುತ್ತದೆ. ಈ ಕಾನೂನಿನಲ್ಲಿ ತಂದೆ ತಾಯಿಗೆ ಜೈಲು ಎಂದು ಬರೆದಿಲ್ಲ. ಹೆದರಬೇಡಿ. ಆದರೆ ಹಕ್ಕು ಮಗಳದು. ಅದನ್ನು ನಾವು ಕಿತ್ತುಕೊಳ್ಳಬಾರದು.

ಪಟ್ಟಣಗಳಲ್ಲಿ ಕೆಲವರು ಮಕ್ಕಳನ್ನು ಮನೆಯಲ್ಲೇ ಓದಿಸುತ್ತಾರೆ. ಪಾಠಕ್ಕೆಂದೇ ದಿನವೂ ಹೊತ್ತು ಕೊಡುತ್ತಾರೆ. ಆದರೆ ಹಗಲೆಲ್ಲ ಕೂಸು ಆಡಿಸುವುದು, ಪಾತ್ರೆ ತೊಳೆಯುವುದು ಓದು ಆಗುವುದಿಲ್ಲ. ಅದು ದುಡಿಮೆ. ೧೪ ವರ್ಷದ ಒಳಗಿನ ಮಕ್ಕಳನ್ನು ದುಡಿಮೆಗೆ ಹಚ್ಚುವಂತಿಲ್ಲ. ೨೦೧೬ರ ತಿದ್ದುಪಡಿ ಹಾಗೆ ಹೇಳುತ್ತದೆ. ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ ಮನೆಯವರಿಗೆ ಕೈ ಜೋಡಿಸಬಹುದು. ಓದಿಗೆ ಅಡ್ಡಿ ಆಗಬಾರದು.

ತೀವ್ರ ಅಂಗವಿಕಲತೆ ಇರುವ ಮಕ್ಕಳ ಮಾತು ಬೇರೆ. ಅವರು ಮನೆಯಲ್ಲೇ ಶಿಕ್ಷಣ ಪಡೆಯಲು ೨೦೧೨ರ ತಿದ್ದುಪಡಿ ಅವಕಾಶ ಕೊಟ್ಟಿದೆ.

ಖರ್ಚು ಎಷ್ಟು?

ಸರ್ಕಾರಿ ಶಾಲೆಯಲ್ಲಿ ಎಂಟನೇ ತರಗತಿವರೆಗೆ ಫೀಜು ಇಲ್ಲ. ಪಠ್ಯಪುಸ್ತಕ, ಸಮವಸ್ತ್ರ, ಬಿಸಿಯೂಟ ಸಿಗುತ್ತದೆ.

ಮನೆಯಲ್ಲಿ ಓದಿಸಿದರೆ? ಪುಸ್ತಕ ನಾವೇ ಕೊಳ್ಳಬೇಕು. ಮಧ್ಯಾಹ್ನದ ಊಟ ನಾವೇ ಹಾಕಬೇಕು. ನಮಗೆ ಗಣಿತ, ಇಂಗ್ಲಿಷು ಬಾರದಿದ್ದರೆ ಟ್ಯೂಷನ್‌ಗೆ ದುಡ್ಡು ಕೊಡಬೇಕು. ಹಗಲು ಪಾಠ ಹೇಳುತ್ತಾ ಕೂತರೆ ಕೂಲಿ ಹೋಯಿತು. ಮುಂದೆ ಸರ್ಟಿಫಿಕೇಟು ಬೇಕಲ್ಲ? ೧೪ ವರ್ಷ ತುಂಬಿದವರು ರಾಷ್ಟ್ರೀಯ ಮುಕ್ತ ಶಾಲೆಯಿಂದ ಹತ್ತನೇ ತರಗತಿ ಪರೀಕ್ಷೆ ಕಟ್ಟಬಹುದು. ಅದಕ್ಕೂ ಫೀಜು ಇದೆ, ಓಡಾಟದ ಖರ್ಚು ಇದೆ.

ಲೆಕ್ಕ ಹಾಕಿ ನೋಡಿ. ಶಾಲೆಯೇ ಅಗ್ಗ.

ಹಾಗಾದರೆ ಕೂಸನ್ನು ನೋಡೋರು ಯಾರು?

ಮೂರು ವರ್ಷ ತುಂಬಿದ ಮಗು ಅಂಗನವಾಡಿಗೆ ಹೋಗಬಹುದು. ಅದಕ್ಕಿಂತ ಚಿಕ್ಕ ಕೂಸುಗಳಿಗೆ ಹಲವು ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆದಿದ್ದಾರೆ. ನಿಮ್ಮ ಪಂಚಾಯಿತಿಯಲ್ಲಿ ಇದೆಯೇ ಎಂದು ಕೇಳಿ. ಇಲ್ಲದಿದ್ದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಒಬ್ಬಳೇ ಬೇಡ, ಹತ್ತು ಜನ ಸೇರಿ ಕೇಳಿ.

ಬಿಟ್ಟ ಶಾಲೆಗೆ ಮತ್ತೆ ಸೇರಿಸಿಕೊಳ್ಳುತ್ತಾರೆಯೇ?

ಸೇರಿಸಿಕೊಳ್ಳಲೇಬೇಕು. ವರ್ಷದ ನಡುವೆ ಹೋದರೂ ಇಲ್ಲ ಅನ್ನುವಂತಿಲ್ಲ. ಜನನ ಪತ್ರ ಇಲ್ಲ ಎಂದು ವಾಪಸು ಕಳಿಸುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಬೇಕು. ತಪ್ಪಿಹೋದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕು. ಮಕ್ಕಳಿಗೆ ತೊಂದರೆ ಆದರೆ ೧೦೯೮ಕ್ಕೆ ಫೋನು ಮಾಡಿ. ಅದು ಮಕ್ಕಳ ಸಹಾಯವಾಣಿ. ಕರೆಗೆ ದುಡ್ಡಿಲ್ಲ.

ಅಕ್ಕ ಇದೆಲ್ಲ ಹೇಳಿದಾಗ ಆ ತಾಯಿ ಕೇಳಿದಳು: "ಹಾಗಾದರೆ ನಾನು ಕಲಿತ ಅಕ್ಷರ?"

"ಅದು ವ್ಯರ್ಥ ಅಲ್ಲಮ್ಮ. ಹಗಲು ಮಗಳು ಶಾಲೆಯಲ್ಲಿ ಓದಲಿ. ಸಂಜೆ ಇಬ್ಬರೂ ಒಂದೇ ದೀಪದಲ್ಲಿ ಓದಿ. ಬಾರದ್ದನ್ನು ಅವಳು ನಿನಗೆ ಹೇಳಿಕೊಡಲಿ."

ಮರುದಿನ ಆ ತಾಯಿ ಮಗಳ ಕೈ ಹಿಡಿದು ಶಾಲೆಗೆ ಹೋದಳು. ಮೇಷ್ಟ್ರು ಅರ್ಜಿ ಮುಂದೆ ಇಟ್ಟರು. ಹೆಬ್ಬೆಟ್ಟಿಗೆ ಅಂತ ಮಸಿಡಬ್ಬಿಯನ್ನೂ ತಳ್ಳಿದರು. ಅವಳು ಪೆನ್ನು ಕೇಳಿದಳು. ನಿಧಾನವಾಗಿ ಸಹಿ ಮಾಡಿದಳು. ಮಗಳು ನೋಡುತ್ತಾ ನಿಂತಿದ್ದಳು.

ಯೋಚಿಸಿ, ಮಾತಾಡಿ

೧. ನಿಮ್ಮ ಕೇರಿಯಲ್ಲಿ ಶಾಲೆ ಬಿಟ್ಟ ಹುಡುಗಿಯರು ಎಷ್ಟು ಜನ? ಏಕೆ ಬಿಟ್ಟರು?
೨. ಅವರನ್ನು ಮತ್ತೆ ಸೇರಿಸಲು ನೀವೆಲ್ಲ ಸೇರಿ ಏನು ಮಾಡಬಹುದು?